ಎರೆಯ ಹಕ್ಕಿಗೆ ಎರವಲು ಹೆಸರೇಕೆ?

‘ಗ್ರೇಟ್ ಇಂಡಿಯನ್ ಬಸ್ಟರ್ಡ್’ ರಾಷ್ಟ್ರಪಕ್ಷಿಯಾಗಲಿ ಎಂದು ಪಕ್ಷಿತಜ್ಞ ಸಲೀಂ ಅಲಿ ಬಯಸಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಬಸ್ಟರ್ಡ್ ಎಂದು ಬರೆಯುವಾಗ ಒಂದಕ್ಷರ ತಪ್ಪಿದರೆ ಬೈಗುಳವಾದೀತೆಂಬ ಅಳುಕೂ ಕಾರಣ ಎನ್ನುವವರಿದ್ದಾರೆ. ನಿಜವೋ ಸುಳ್ಳೋ, ಪಾಪ, ಹೆಸರಿನಿಂದಲೇ ನಗೆಪಾಟಲಾದ ಹಕ್ಕಿ!

ಆ ಹೆಸರಾದರೂ ಎಂಥದ್ದು? ಲ್ಯಾಟಿನ್ನಿನ ‘ಏವಿಸ್ ಟಾರ್ಡಾ’ ಎಂಬ ಎರಡು ಪದಗಳು ಫ್ರೆಂಚರ ಬಾಯಲ್ಲಿ ಸವೆದು ಒಂದಾಗಿ, ಇಂಗ್ಲಿಷಿಗೆ ಬಂದು ಬಸ್ಟರ್ಡ್ ಆದವು. ಅರ್ಥ, ನಿಧಾನದ ಹಕ್ಕಿ. ಸ್ಪೇನಿನವರು ಹಾಗೆ ಕರೆಯುತ್ತಾರೆಂದು ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿದ್ದ. 15 ಕೆ.ಜಿ.ವರೆಗೆ ತೂಗಿದರೂ ಚೆನ್ನಾಗಿ ಓಡುವ, ಹಾರುವ ನಮ್ಮ ಹಕ್ಕಿಗೆ ಈ ಹೆಸರು ಅನ್ಯಾಯವೇ.

ಕನ್ನಡದಲ್ಲಿ ಇದು ಎರೆಹಕ್ಕಿ, ಎರೆಭೂತ. ಎರೆ ಯಾವುದು, ಮಸಾರಿ ಯಾವುದು ಎಂದು ಬಾಗಳಿ, ಹರಪನಹಳ್ಳಿ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೆಸರಿನಲ್ಲೇ ವಿಳಾಸವಿದೆ: ಕಪ್ಪು ನೆಲದ ಬಯಲು, ಜೋಳ, ಕಡಲೆಯ ಹೊಲ, ನಡುನಡುವೆ ಹುಲ್ಲು. ಅಲ್ಲೇ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ರಾಜ್ಯದಲ್ಲಿ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ದೇಶದಲ್ಲೆಲ್ಲ ಸೇರಿಸಿದರೂ 200 ದಾಟುವುದಿಲ್ಲ.

ಆದರೂ ಸ್ಪರ್ಧಾತ್ಮಕ ಪರೀಕ್ಷೆಗೆಂದು ನಾವು ಬಾಯಿಪಾಠ ಮಾಡುವುದು ‘ಜಿಐಬಿ’ ಎಂಬ ಮೂರಕ್ಷರ. ಕನ್ನಡದ ಪುಸ್ತಕ, ಫಲಕಗಳಲ್ಲಿ ಮೊದಲು ಎರೆಹಕ್ಕಿ ಎಂದಿರಲಿ, ಬಸ್ಟರ್ಡ್ ಆಮೇಲೆ ಬರಲಿ. ವಿದ್ಯುತ್ ತಂತಿಗೆ ಬಡಿದು ಸಾಯುವುದೇ ಇದಕ್ಕೀಗ ದೊಡ್ಡ ಕುತ್ತು. ಎರೆ ಬಯಲನ್ನು ‘ಬೀಳು’ ಎಂದು ಬರೆದುಕೊಂಡು ತಂತಿ ಎಳೆಸುವ ಅಧಿಕಾರಿಗೆ, ಆ ಹೆಸರು ಕಂಡರೆ, ಇಲ್ಲಿ ಯಾರೋ ವಾಸವಿದ್ದಾರೆ ಎಂದಾದರೂ ಹೊಳೆದೀತು.