ಅಣ್ಣನ ಜಾವಾಗೆ ಹೊಸ ಟ್ಯಾಂಕು

ಪೆಟ್ರೋಲು ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕು ಹೆಚ್ಚು ಅಪಾಯಕಾರಿ ಎಂದರೆ ವಾಚಕರು ಒಡನೆಯೇ ನಂಬಲಾರರು. ನಾನೂ ನಂಬಿರಲಿಲ್ಲ. ಸುರಪುರದ ನಮ್ಮ ಮನೆಯಿಂದ ಹಳೆಯ ಟ್ಯಾಂಕೊಂದನ್ನು ಗೋಣಿಯಲ್ಲಿ ಸುತ್ತಿಕೊಂಡು, ಶಹಾಪುರದಲ್ಲಿ ಬಸ್ಸು ಬದಲಿಸಿ, ಯಾದಗಿರಿಯ ಮೇಸ್ತ್ರಿಯೊಬ್ಬರ ಮುಂದೆ ಇಳಿಸಿ, “ಇದರ ತಳಕ್ಕೆ ಒಂದು ಬೆಸುಗೆ ಹಾಕಿಕೊಡಿ” ಎಂದೆ. ಆ ವೃದ್ಧರು ಟ್ಯಾಂಕಿನ ಬಾಯಿಗೆ ಮೂಗು ಹಿಡಿದು ನೋಡಿದರು. ಮರುಮಾತಿಲ್ಲದೆ ಅದನ್ನೆತ್ತಿಕೊಂಡು ಹೋಗಿ, ಬೀದಿಯಾಚೆಯ ಬೇವಿನ ಮರದ ಕೆಳಗೆ ಇಟ್ಟು ಬಂದರು.

“ಮಾಸ್ತರರ ತಮ್ಮ ಅಂತ ಸುಮ್ನಿದ್ದೀನ್ರೀ. ಅದಕ್ಕ ಬೆಂಕಿ ತೋರ್ಸಿದ್ರ ನಾನೂ ಇರಂಗಿಲ್ಲ, ನೀವೂ ಇರಂಗಿಲ್ಲ.”

ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು 1.4 ಪಾಲಿನಿಂದ 7.6 ಪಾಲಿನವರೆಗೆ ಬೆರೆತಿರುವಾಗ ಒಂದು ಕಿಡಿ ಸಾಕು, ಅದು ಸಿಡಿಯುತ್ತದೆ. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಎಡೆಯೇ ಕಡಿಮೆ. ಇರುವ ಆವಿಯೂ ಈ ಮಿತಿಯನ್ನು ಮೀರಿ ದಟ್ಟವಾಗಿರುತ್ತದೆ. ಬರಿದು ಮಾಡಿದ ಟ್ಯಾಂಕಿನಲ್ಲಾದರೋ ಆ ಮಿಶ್ರಣ ಹದಕ್ಕೆ ಬಂದು ಕುಳಿತಿರುತ್ತದೆ. ತುಕ್ಕಿನ ಹೊಪ್ಪಳಿಕೆಗಳ ಸಂದಿಯಲ್ಲಿ ಅಡಗಿದ ಪೆಟ್ರೋಲು ವಾರಗಟ್ಟಲೆ ಆವಿಯನ್ನು ಉಸಿರಾಡುತ್ತಲೇ ಇರುತ್ತದೆ. ಮನೆಯ ಗಂಡಸರು ತಾವೇ ರಿಪೇರಿಗೆ ಕೈಹಾಕುವವರಾದರೆ, ಗೃಹಿಣಿಯರು ಇದೊಂದು ಮಾತನ್ನು ಅವರ ಕಿವಿಗೆ ಹಾಕುವುದು ಒಳ್ಳೆಯದು.

ಟ್ಯಾಂಕಿನ ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದು 1961ರಲ್ಲಿ ಮೋಟಾರು ಸೈಕಲ್ಲುಗಳನ್ನು ತಯಾರಿಸತೊಡಗಿತು. ಮುಂದೆ ಅದೇ ಗಾಡಿ ‘ಯೆಜ್ದಿ’ ಎಂಬ ಹೆಸರು ತಳೆಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ನಮ್ಮಣ್ಣ ಶಹಾಪುರದಲ್ಲಿ ಶಾಲಾ ಮಾಸ್ತರನಾಗಿದ್ದಾಗ, 1970ರಲ್ಲಿ, ಇಂಥ ಒಂದು ಜಾವಾ ಕೊಂಡ. ನಮ್ಮ ಕಡೆ ಅದು ಫಟಫಟಿ. ಕಿಕ್ಕು ಹೊಡೆಯುವ ಸನ್ನೆಯನ್ನೇ ಹೊರಳಿಸಿ ಗೇರು ಬದಲಿಸುವ ಆ ಚಮತ್ಕಾರವನ್ನು ನೋಡಲು ಓಣಿಯ ಹುಡುಗರೆಲ್ಲ ನೆರೆಯುತ್ತಿದ್ದೆವು. ಆಗ ನನಗೆ ಎಂಟು ವರ್ಷ. ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳಾಗಿದ್ದ ಕಾಲವದು. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಅತ್ತಿಗೆ ಹಿಂದಿನ ಸೀಟಿನಲ್ಲಿ, ನಾನು ಅಣ್ಣನ ಮುಂದೆ ಟ್ಯಾಂಕಿನ ಮೇಲೆ. ಬಿಸಿಲಿಗೆ ಕಾದ ಟ್ಯಾಂಕು ತೊಡೆಯನ್ನು ಸುಡುತ್ತಿತ್ತಾದರೂ ಇಳಿ ಎಂದರೆ ಅಳುತ್ತಿದ್ದೆ.

ಒಂದು ಸಂಜೆ ಶಹಾಪುರದ ಬುದ್ಧ ಮಲಗಿದಂತೆ ಕಾಣುವ ಗುಡ್ಡದ ಸಮೀಪ ಎಮ್ಮೆಯೊಂದು ಅಡ್ಡ ಬಂದಿತು. ಅದೃಷ್ಟವಶಾತ್ ಅಂದು ಅತ್ತಿಗೆ ಜೊತೆಯಲ್ಲಿರಲಿಲ್ಲ. ಅಣ್ಣ ಹ್ಯಾಂಡಲ್ಲು ಬಿಟ್ಟು ಎರಡೂ ಕೈಗಳಿಂದ ನನ್ನನ್ನು ತಬ್ಬಿಕೊಂಡ. ಗಾಡಿ ಮೈಲಿಗಲ್ಲಿಗೆ ಬಡಿಯಿತು. ನನಗೆ ಗೀರುಗಾಯವೂ ಆಗಲಿಲ್ಲ. ಅಣ್ಣನ ಮಣಿಕಟ್ಟು ಮುರಿಯಿತು; ಟ್ಯಾಂಕಿನ ಎಡಮಗ್ಗುಲಲ್ಲಿ, ಮೊಣಕಾಲಿಗೆ ಒತ್ತಾಗಿರುವ ರಬ್ಬರಿನ ಮೇಲ್ಗಡೆ, ಸಣ್ಣ ಬಟ್ಟಲಿನಷ್ಟು ನೆಗ್ಗು ಬಿದ್ದಿತು. ಆ ನೆಗ್ಗನ್ನು ಯಾರೂ ತೆಗೆಸಲಿಲ್ಲ.

ಈಚೆಗೆ ಗಾಡಿ ತಿಂಗಳಿಗೊಮ್ಮೆ ಹೊರಗೆ ಬಂದರೆ ಹೆಚ್ಚು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾಗಿ ದೇಶಕ್ಕೆಲ್ಲ ಹಬ್ಬಿದ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ ಒಂದು ಗುಣವಿದೆ: ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಓಡುವ ಗಾಡಿಗೆ ಇದರಿಂದ ಅಷ್ಟಾಗಿ ತೊಂದರೆಯಿಲ್ಲ. ನಿಂತ ಗಾಡಿಯಲ್ಲಿ ತೇವ ಮಿತಿಮೀರಿದಾಗ ನೀರು ಬೇರ್ಪಟ್ಟು ತಳಕ್ಕಿಳಿಯುತ್ತದೆ. ಉಕ್ಕಿನ ತಗಡನ್ನು ಒಳಗಿನಿಂದ ತಿನ್ನುತ್ತದೆ. ಮೊದಲೇ ಐವತ್ತು ವರ್ಷ ಸವೆದಿದ್ದ ನಮ್ಮ ಟ್ಯಾಂಕಿನ ತಳ ಜರಡಿಯಂತಾಗಿತ್ತು. ಪೇಟೆಯಲ್ಲಿ ನಕಲು ಟ್ಯಾಂಕುಗಳು ದೊರೆಯುತ್ತವೆ ಎಂದು ಅಣ್ಣನ ಮೊಮ್ಮಗ ಹೇಳಿದ. ಮೇಸ್ತ್ರಿ ಮಾತ್ರ, “ಅಲ್ಯೂಮಿನಿಯಂದಾಗ ಹೊಸಾದು ಬಡೀತೀನ್ರೀ. ಟೈಮು ಕೊಡ್ಬೇಕು” ಎಂದರು. ಅವರು ಹರೆಯದಲ್ಲಿ ಹೈದರಾಬಾದಿನಲ್ಲಿ ಬಸ್ಸುಗಳ ಮೈಕಟ್ಟುವ ಕೆಲಸ ಮಾಡಿದವರು.

ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಭಾಗದಷ್ಟು ತೂಗುತ್ತದೆ. ಆದರೆ ಮೃದು, ಆದ್ದರಿಂದ ದಪ್ಪ ತಗಡು ಬೇಕು. ಒಂದು ಮಿಲಿಮೀಟರು ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 7.85 ಕಿಲೋ ತೂಗಿದರೆ, ಹದಿನಾರು ಗೇಜಿನ, ಎಂದರೆ 1.6 ಮಿಲಿಮೀಟರಿನ ಅಲ್ಯೂಮಿನಿಯಂ ತಗಡು ಸುಮಾರು 4.3 ಕಿಲೋ ತೂಗುತ್ತದೆ. ಮ್ಯಾನ್ ದ್ವೀಪದ ಪಂದ್ಯಗಳಲ್ಲಿ ಹೆಸರಾದ ಮ್ಯಾಂಕ್ಸ್ ನಾರ್ಟನ್ ಗಾಡಿಗಳಿಗೆ ಅಲ್ಯೂಮಿನಿಯಂ ಟ್ಯಾಂಕು ಬಡಿದು ಕೂರಿಸುತ್ತಿದ್ದುದು ಈ ಲಾಭಕ್ಕಾಗಿಯೇ. ಮೊಮ್ಮಗನಿಗೆ ಅಂಥದೇ ನೀಳವಾದ ಪಂದ್ಯದ ಟ್ಯಾಂಕಿನ ಮೇಲೆ ಮನಸ್ಸು. ನಾನು ಒಪ್ಪಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ಕಾರ್ಖಾನೆಯ ಮೂಲ ವಿವರಣೆಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ ಎಂಬುದು ಒಂದು ಕಾರಣ. ಅಣ್ಣ ಅದನ್ನು ತನ್ನ ಗಾಡಿಯೆಂದು ಗುರುತಿಸಲಾರ ಎಂಬುದು ಇನ್ನೊಂದು. ಆಕಾರ ಹಳೆಯದೇ ಇರಲೆಂದು ತೀರ್ಮಾನವಾಯಿತು.

ಹಳೆಯ ಟ್ಯಾಂಕನ್ನು ಹಲವು ಸಲ ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಮೇಸ್ತ್ರಿ ಅದರ ಮೈಮೇಲೆ ಕಾಗದ ಹಾಸಿ, ದರ್ಜಿಯು ಅಂಗಿಗೆ ಅಳತೆ ತೆಗೆದುಕೊಳ್ಳುವಂತೆ, ತುಂಡು ತುಂಡಾಗಿ ಕತ್ತರಿಸಿಕೊಂಡರು. ಎಡಬಲದ ಎರಡು ಕೆನ್ನೆಗಳು, ಬೆನ್ನು, ಗಾಡಿಯ ಕೊಳವೆಯ ಮೇಲೆ ಕೂರುವ ತಳದ ಸುರಂಗ. ಬಡಿಗೇರರು ಅದೇ ಆಕಾರಕ್ಕೆ ಮರದ ಅಚ್ಚು ಕೆತ್ತಿಕೊಟ್ಟರು. ಎಡಗೆನ್ನೆಯ ಕಾಗದ ಕತ್ತರಿಸುವಾಗ ಮೇಸ್ತ್ರಿಯ ಬೆರಳು ನೆಗ್ಗಿನಲ್ಲಿ ನಿಂತಿತು.

“ಇದು ಇರ್ಲೇನ್ರೀ, ತೆಗೀಲೇನು?”

“ಹೊಸ ಟ್ಯಾಂಕಿಗೆ ನೆಗ್ಗೇಕೆ ಮೇಸ್ತ್ರಿ, ತೆಗೆದುಬಿಡಿ” ಎಂದೆ. ಕ್ಷಣಮಾತ್ರವೂ ಯೋಚಿಸಲಿಲ್ಲ.

ಇನ್ನು ಬಡಿತದ ವಿಷಯ. ಅಲ್ಯೂಮಿನಿಯಂ ತಗಡನ್ನು ಬಡಿಯುವ ಮುನ್ನ ಕಾಯಿಸಿ ಮೆದುಮಾಡಿಕೊಳ್ಳಬೇಕು. ಕಬ್ಬಿಣವಾದರೆ ಕಾದಂತೆಲ್ಲ ಕೆಂಪಾಗಿ ತನ್ನ ಸ್ಥಿತಿಯನ್ನು ತಾನೇ ಸಾರುತ್ತದೆ. ಅಲ್ಯೂಮಿನಿಯಂ ಹಾಗಲ್ಲ. 660 ಡಿಗ್ರಿಗೆ ಕರಗುವ ಈ ಲೋಹ, ಕರಗುವ ಕ್ಷಣದವರೆಗೂ ಹಗಲ ಬೆಳಕಿನಲ್ಲಿ ಬಣ್ಣ ಬದಲಿಸದು. ಈಗ ತಗಡಾಗಿದ್ದುದು ಮರುಗಳಿಗೆ ನೆಲದ ಮೇಲೆ ಕೆಸರಾಗಿ ಬಿದ್ದಿರುತ್ತದೆ. “ಇದು ಹೇಳಂಗಿಲ್ರೀ, ನಾವೇ ತಿಳ್ಕೋಬೇಕು” ಎಂದು ಮೇಸ್ತ್ರಿ ಒಂದು ಉಪಾಯವನ್ನು ತೋರಿಸಿದರು. ಆಮ್ಲಜನಕವಿಲ್ಲದೆ ಬರಿಯ ಅಸಿಟಲಿನ್ ಅನಿಲವನ್ನು ಹೊತ್ತಿಸಿ ತಗಡಿಗೆಲ್ಲ ಮಸಿ ಹಿಡಿಸಿದರು. ಅನಂತರ ಆಮ್ಲಜನಕ ಸೇರಿಸಿ, ಜ್ವಾಲೆಯನ್ನು ಮೆಲ್ಲಮೆಲ್ಲನೆ ಆಡಿಸುತ್ತ ಹೋದರು. ತಗಡು ಹದಕ್ಕೆ ಬಂದಲ್ಲಿ ಮಸಿ ತಾನಾಗಿ ಮಾಯವಾಯಿತು. ಅಲ್ಲಿಗೆ ಬೆಂಕಿ ತೆಗೆಯಬೇಕು. ಮಸಿಗೆ ಬದಲು ಬಟ್ಟೆಯ ಸೋಪು ಸವರುವವರೂ ಉಂಟಂತೆ; ಸೋಪು ಕಪ್ಪಗಾದರೆ ಹದ ಬಂದಂತೆ. ಅಡಿಗೆಮನೆಯಲ್ಲಿ ಎಣ್ಣೆಯ ಕಾವನ್ನು ಸಾಸಿವೆಕಾಳಿನಿಂದ ತಿಳಿಯುವ ನಮ್ಮ ಮನೆಯಾಕೆಗೆ ಇದರಲ್ಲಿ ಅಂಥ ವಿಶೇಷವೇನೂ ಕಾಣಲಿಲ್ಲ.

ಮೆದುವಾದ ತಗಡನ್ನು ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿಯುತ್ತಾರೆ. ನಡುವೆ ಬಡಿದಂತೆ ತಗಡು ಹಿಗ್ಗಿ ಬಟ್ಟಲಾಗುತ್ತದೆ. ಅಂಚಿನಲ್ಲಿ ಸೀರೆಯ ನೆರಿಗೆಗಳಂತೆ ಮಡಿಕೆಗಳು ಏಳುತ್ತವೆ. ಕೈಯ ಕಸಬು ತಿಳಿಯುವುದು ಈ ಮಡಿಕೆಗಳಲ್ಲಿ. ಅವುಗಳನ್ನು ಮಡಿಚಿ ಬಿಡಬಾರದು. ಮಡಿಕೆಯ ತುದಿಯನ್ನು ಮೊದಲು ಕಟ್ಟಿಹಾಕಿ, ಹೊರಕ್ಕೆ ಓಡದಂತೆ ತಡೆದು, ಲೋಹವನ್ನು ಅದರೊಳಕ್ಕೇ ಕುಗ್ಗಿಸಬೇಕು. ಬಡಿದಂತೆಲ್ಲ ತಗಡು ಬಿರುಸಾಗುತ್ತದೆ, ಸದ್ದು ಬದಲಾಗುತ್ತದೆ. ಮೊದಲು ಒದ್ದೆಮಣ್ಣಿನ ಮೇಲೆ ಬಡಿದಂತಿದ್ದ ಶಬ್ದ ಕೊನೆಗೆ ಗಂಟೆಯಂತೆ ಖಣಖಣಿಸುತ್ತದೆ. ಆಗಲೂ ಬಡಿದರೆ ಸೀಳುತ್ತದೆ. ಮತ್ತೆ ಮಸಿ, ಮತ್ತೆ ಬೆಂಕಿ. ಒಂದೊಂದು ಕೆನ್ನೆಗೂ ನಾಲ್ಕು ಸಲ ಹೀಗಾಯಿತು. ಕೊನೆಯಲ್ಲಿ ನುಣುಪಾದ ಅಡಿಗಲ್ಲಿನ ಮೇಲಿಟ್ಟು ಹಗುರವಾದ ಸುತ್ತಿಗೆಯಿಂದ ಸಾವಿರಾರು ಪೆಟ್ಟು ಕೊಟ್ಟಾಗ ಗುಳಿಗಳೆಲ್ಲ ಅಳಿದು ಮೈ ಕನ್ನಡಿಯಾಗುತ್ತದೆ.

ಈ ಲೋಹ ನಮ್ಮ ಪಾತ್ರೆಗಾರರ ಕೈಗೆ ಬಂದದ್ದು ಬಹಳ ಹಿಂದಿನ ಮಾತೇನಲ್ಲ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ವಿದ್ಯುಚ್ಛಕ್ತಿಯಿಂದ ಅದನ್ನು ಬೇರ್ಪಡಿಸುವ ಬಗೆಯನ್ನು ಕಂಡುಹಿಡಿದ ಮೇಲೆ ಅದು ಅಗ್ಗವಾಯಿತು. 1898ರಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಆಂಗ್ಲ ಎಂಜಿನಿಯರು ಮದರಾಸಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡುವ ಕೆಲಸವನ್ನು ಆರಂಭಿಸಿದನು. 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕನಾಗಿ ಬಂದವನೂ ಇದೇ ಚಾಟರ್ಟನ್. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ವಿಮಾನ 1951ರ ಆಗಸ್ಟಿನಲ್ಲಿ ಮೊದಲಬಾರಿಗೆ ಹಾರಿತು. ಅಲ್ಲಿಗೆ ಅನ್ನದ ಬೋಗುಣಿಯ ಲೋಹ ಆಕಾಶಕ್ಕೂ ಏರಿದಂತಾಯಿತು.

ಆಕಾರ ಬಂದಿತೆಂದು ನಾನು ಹಿಗ್ಗಿದೆ. ಮೇಸ್ತ್ರಿ, “ಈಗ ಶುರುವಾತ್ರೀ ಕೆಲ್ಸ” ಎಂದರು. ಅಲ್ಯೂಮಿನಿಯಂನ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆಯೊಂದಿರುತ್ತದೆ. ಲೋಹ 660 ಡಿಗ್ರಿಗೆ ಕರಗಿದರೆ ಈ ಪೊರೆ ಕರಗಲು 2000 ಡಿಗ್ರಿ ಮೀರಬೇಕು. ಹೀಗಾಗಿ ಒಳಗೆ ಲೋಹ ನೀರಾಗಿದ್ದರೂ ಪೊರೆಯ ಅಡ್ಡಿಯಿಂದ ಎರಡು ಅಂಚುಗಳು ಒಂದಾಗವು. ಈ ಪೊರೆಯನ್ನು ಬಿಡಿಸಲು ಫ್ಲಕ್ಸ್ ಎಂಬ ಬಿಳಿಯ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿಯುತ್ತಾರೆ. ಈಗ ಬಹುಮಂದಿ ಆರ್ಗಾನ್ ಅನಿಲದ ಆಸರೆಯಲ್ಲಿ ವಿದ್ಯುತ್ ಬೆಸುಗೆ ಮಾಡುತ್ತಾರೆ, ಅದಕ್ಕೆ ಫ್ಲಕ್ಸ್ ಬೇಡ. ನಮ್ಮ ಮೇಸ್ತ್ರಿ ಹಳೆಯ ಗ್ಯಾಸ್ ಬೆಸುಗೆಯನ್ನೇ ನೆಚ್ಚಿದವರು. ಅದರ ಹೊಲಿಗೆ ಮೆದುವಾಗಿದ್ದು, ಬಡಿದು ಮಟ್ಟಮಾಡಲು ಒದಗುತ್ತದೆ. ಮುಚ್ಚುವ ಮುನ್ನ ಒಳಗೆ ಒಂದು ಅಡ್ಡ ತಗಡನ್ನೂ ಕೂರಿಸಿದರು; ಪೆಟ್ರೋಲು ಹಿಂದೆ ಮುಂದೆ ತುಳುಕದಿರಲು.

ಸಂಕ್ರಾಂತಿಗೆ ನಾಲ್ಕೇ ದಿನ ಉಳಿದಿತ್ತು. ಅಣ್ಣನನ್ನು ಅವನದೇ ಗಾಡಿಯ ಹಿಂದೆ ಕೂರಿಸಿಕೊಂಡು ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗಬೇಕೆಂದು ಮೊಮ್ಮಗ ಹಟ ಹಿಡಿದಿದ್ದ. ಅವನಿಗೆ ಮಾತು ಕೊಟ್ಟವನು ನಾನು. ಮೇಸ್ತ್ರಿ ಟ್ಯಾಂಕಿನ ಬಾಯಿಗಳನ್ನು ಬಿಗಿದು, ಸೈಕಲ್ಲಿನ ಪಂಪಿನಿಂದ ಬಹು ಹಗುರವಾಗಿ ಗಾಳಿ ಹಾಕಿ, ದನಗಳ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಒತ್ತಡ ಚದರ ಅಂಗುಲಕ್ಕೆ ಎರಡು ಮೂರು ಪೌಂಡು ಮೀರಿದರೆ ಇಷ್ಟು ದಿನದ ಬಡಿತವೆಲ್ಲ ಬಲೂನಿನಂತೆ ಉಬ್ಬಿಹೋಗುತ್ತದೆ. ಮೊದಲು ಏನೂ ಕಾಣಲಿಲ್ಲ. ಅನಂತರ ಸುರಂಗದ ಮೂಲೆಯಲ್ಲಿ, ಮೂರು ಹೊಲಿಗೆಗಳು ಕೂಡುವ ಕಡೆ, ಸಾಸಿವೆಯಷ್ಟು ಸಣ್ಣ ಗುಳ್ಳೆಯೊಂದು ಹೊರಟು ಮೇಲೆ ಬಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

“ಅಂಟು ಹಚ್ಚಿ ಕೊಟ್ಟುಬಿಡಿ ಮೇಸ್ತ್ರಿ, ಜಾತ್ರೆ ಮುಗಿದ ಮೇಲೆ ತರುತ್ತೇನೆ” ಎಂದು ಅಂಗಲಾಚಿದೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಅವರು ಕೋಪಿಸಿಕೊಳ್ಳಲಿಲ್ಲ. “ಆ ತೂತಿನಾಗ ಪುಡಿ ಕುಂತದರೀ. ಅದು ಒಳಗಿಂದ ತಿಂತದ. ಕೆಳಗ ಎಂಜಿನ್ ಕಾದಿರ್ತದ, ಮ್ಯಾಲ ಮಾಸ್ತರು ಕುಂತಿರ್ತಾರ. ಜಾತ್ರಿ ಮುಂದಿನ ವರ್ಷನೂ ಬರ್ತದ.”

ಫ್ಲಕ್ಸಿನಲ್ಲಿರುವ ಲವಣಗಳು ತೇವ ತಗುಲಿದೊಡನೆ ಅಲ್ಯೂಮಿನಿಯಂನ್ನು ಕೊರೆಯತೊಡಗುತ್ತವೆ. ಬೆಸುಗೆಯಾದ ಮೇಲೆ ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ತೊಳೆಯುವುದು ಅದಕ್ಕಾಗಿಯೇ. ಮೇಸ್ತ್ರಿ ಆ ಮೂಲೆಯನ್ನು ಗರಗಸದಿಂದ ಕೊಯ್ದು ತೆಗೆದು, ಅದೇ ತಗಡಿನ ಹೊಸ ತುಂಡೊಂದನ್ನು ಕೂರಿಸಿ, ಮತ್ತೆ ಬೆಸೆದು, ತೊಳೆದು, ಮುಳುಗಿಸಿದರು. ಆರು ದಿನ ಹಿಡಿಯಿತು. ಜಾತ್ರೆ ಮುಗಿಯಿತು, ಮೊಮ್ಮಗ ನನ್ನೊಡನೆ ಮಾತು ಬಿಟ್ಟ. ಏಳನೆಯ ದಿನ ಒಂದು ರಾತ್ರಿಯಿಡೀ ನೀರಿನಲ್ಲಿಟ್ಟರೂ ಗುಳ್ಳೆ ಏಳಲಿಲ್ಲ.

ಹೊಸ ಟ್ಯಾಂಕನ್ನು ಪಂಚೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಭೀಮಾ ಸೇತುವೆ ದಾಟುವಾಗ ಪಕ್ಕದ ಅಜ್ಜಿ ಪಂಚೆಯ ಅಂಚು ಸರಿಸಿ, “ಕೊಡ ಭಾಳ ಛಂದ ಅದ, ಎಷ್ಟಕ್ಕ ತಂದ್ರೀ?” ಎಂದಳು. ಬೆಲೆ ಹೇಳಿದೆ. ಆಕೆ ಇಡೀ ದಾರಿ ನನ್ನನ್ನು ಕನಿಕರದಿಂದ ನೋಡುತ್ತ ಬಂದಳು.

ಸುರಪುರದಲ್ಲಿ ಬೋರ್ಡು ಬರೆಯುವ ಹುಡುಗನೊಬ್ಬ ಕೆಂಪು ಬಳಿದು, ಅಂಚಿಗೆ ಚಿನ್ನದ ಬಣ್ಣದ ಗೆರೆ ಎಳೆದುಕೊಟ್ಟ. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಸುರಪುರದ ಚಿತ್ರಗಾರರು ಹೊನ್ನಿನ ಕೆಲಸಕ್ಕೆ ಹೆಸರಾದವರು. ಊರಿನ ಗಾಳಿಯಲ್ಲಿ ಅದು ಇನ್ನೂ ಇದ್ದೀತೆಂದು ನನ್ನ ಭಾವನೆ. ಮೇಸ್ತ್ರಿಯ ಆದೇಶದಂತೆ ಟ್ಯಾಂಕಿನ ಅಡಿಗೆ ದಪ್ಪ ರಬ್ಬರು ಕೊಟ್ಟೆವು. ಎಂಜಿನ್ನಿನ ನಡುಕವನ್ನು ಉಕ್ಕು ಒಂದು ಮಿತಿಯೊಳಗೆ ಎಷ್ಟು ಕಾಲವಾದರೂ ತಾಳಿಕೊಂಡೀತು. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ, ಸಣ್ಣ ನಡುಕವೂ ಕೂಡುತ್ತ ಕೂಡುತ್ತ ಒಂದು ದಿನ ಬಿರುಕಾದೀತು.

ಅಣ್ಣನನ್ನು ಕೈಹಿಡಿದು ಅಂಗಳಕ್ಕೆ ಕರೆತಂದೆವು. ಅವನಿಗೀಗ ದೃಷ್ಟಿ ಮಂದ. ಸೀಟನ್ನು ಸವರಿದ, ಹ್ಯಾಂಡಲ್ಲನ್ನು ಹಿಡಿದು ನೋಡಿದ, ಟ್ಯಾಂಕಿನ ಮೇಲೆ ಅಂಗೈ ಇಟ್ಟು, “ನುಣ್ಣಗ ಆಗ್ಯದ” ಎಂದ. ಆಮೇಲೆ ಅವನ ಬೆರಳುಗಳು ಎಡಮಗ್ಗುಲಿಗಿಳಿದು, ರಬ್ಬರಿನ ಮೇಲ್ಗಡೆ ಒಮ್ಮೆ ಹೋಗಿ, ಹಿಂದಿರುಗಿ, ಮತ್ತೊಮ್ಮೆ ಹೋದುವು.

“ಇಲ್ಲೊಂದು ನೆಗ್ಗಿತ್ತಲ್ಲೋ ತಮ್ಮಾ?”

ನನ್ನಿಂದ ಉತ್ತರ ಹೊರಡಲಿಲ್ಲ. ಮೊಮ್ಮಗ ಒಳಗೆ ಓಡಿ, ಗುಜರಿಗೆ ಹಾಕಲೆಂದು ಹಿತ್ತಿಲಲ್ಲಿ ಎತ್ತಿಟ್ಟಿದ್ದ ಹಳೆಯ ಟ್ಯಾಂಕನ್ನು ತಂದು ಅಜ್ಜನ ಮುಂದೆ ಇಟ್ಟ. ಅದೀಗ ಅಣ್ಣನ ಮಂಚದ ಕೆಳಗಿದೆ.