ಸಭೆಗೆ ಮುಂಚಿನ ಸಭೆ

ನಮ್ಮ ಸಂಘಸಂಸ್ಥೆಗಳಲ್ಲಿ ಒಂದು ಪರಿಪಾಠವು ಬೇರೂರಿ ನಿಂತಿದೆ. ವಾರ್ಷಿಕ ಸಭೆಯ ಹಿಂದಿನ ರಾತ್ರಿ ನಾಲ್ಕಾರು ಸಭಾಸದರು ಒಬ್ಬರ ಪಡಸಾಲೆಯಲ್ಲಿ ಕೂಡುವರು. ಯಾವ ಠರಾವನ್ನು ಯಾರು ಮಂಡಿಸತಕ್ಕದ್ದು, ಯಾರು ಅನುಮೋದಿಸತಕ್ಕದ್ದು, ಯಾರ ಬಾಯಿಯನ್ನು ಹೇಗೆ ಕಟ್ಟತಕ್ಕದ್ದು ಎಂಬುದೆಲ್ಲವೂ ಅಲ್ಲಿಯೇ ಇತ್ಯರ್ಥವಾಗುವುದು. ಮರುದಿನ ನಡೆಯುವುದು ಬರಿಯ ಸೂತ್ರದ ಬೊಂಬೆಯಾಟ. ಇದರಿಂದ ಬೇಸತ್ತ ಸಜ್ಜನರು ಇಂಥ ಒಳಸಭೆಗಳೇ ಪಾಪವೆನ್ನುತ್ತಾರೆ. ನಾವು ಅಷ್ಟು ದೂರ ಹೋಗಲಾರೆವು.

ಪೂರ್ವಾಲೋಚನೆಯಿಲ್ಲದೆ ಸಭೆಗೆ ಬರುವವನು ಕಾಗದಪತ್ರಗಳನ್ನು ಓದದೆ ಕೋರ್ಟಿಗೆ ಬಂದ ವಕೀಲನಿದ್ದಂತೆ. ಕಕ್ಷಿಗಾರನೊಡನೆ ಏಕಾಂತದಲ್ಲಿ ಆಲೋಚಿಸುವುದು ನಮ್ಮ ವೃತ್ತಿಧರ್ಮ. ಆದರೆ ಅದೇ ವಕೀಲನು ರಾತ್ರಿ ನ್ಯಾಯಾಧೀಶರ ಮನೆಯ ಹಿಂಬಾಗಿಲನ್ನು ತಟ್ಟಿದರೆ ಅದು ಅಧರ್ಮ. ವಾದವನ್ನು ಸಿದ್ಧಪಡಿಸುವುದು ಬೇರೆ. ತೀರ್ಪನ್ನೇ ಸಿದ್ಧಪಡಿಸುವುದು ಬೇರೆ.

ಕಾಂಗ್ರೆಸ್ಸಿನ ಇತಿಹಾಸವನ್ನೇ ನೋಡಿರಿ. 1906ರಲ್ಲಿ ಕಲಕತ್ತೆಯಲ್ಲಿ ಅಂಗೀಕೃತವಾದ ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣಗಳ ಠರಾವುಗಳು 1907ರ ಸೂರತ ಅಧಿವೇಶನದಲ್ಲಿ ಸಡಿಲಾಗುವುವೆಂಬ ಶಂಕೆ ಹುಟ್ಟಿತು. ರಾಷ್ಟ್ರೀಯ ಪಕ್ಷದವರು ಡಿಸೆಂಬರ್ 24ರಂದು ಅರವಿಂದರ ಅಧ್ಯಕ್ಷತೆಯಲ್ಲಿ ಪ್ರತ್ಯೇಕವಾಗಿ ಕೂಡಿದರು. ಇತ್ತ ಮಂದಗಾಮಿಗಳ ಕರಡು ಠರಾವುಗಳು ಸಕಾಲದಲ್ಲಿ ಪ್ರತಿನಿಧಿಗಳ ಕೈಸೇರಲಿಲ್ಲವೆಂದು ಟಿಳಕರ ಪಕ್ಷವು ದೂರಿತು. ಎರಡು ಪಕ್ಷಗಳೂ ಸನ್ನದ್ಧವಾಗಿದ್ದುವು. ಒಂದರ ಮನಸ್ಸು ಇನ್ನೊಂದಕ್ಕೆ ತಿಳಿಯಲಿಲ್ಲ. ಡಿಸೆಂಬರ್ 27ರಂದು ಸೂಚನೆಯನ್ನು ಮಂಡಿಸಲು ಟಿಳಕರು ವೇದಿಕೆಯನ್ನೇರಿದಾಗ ಪಾದರಕ್ಷೆಯೊಂದು ಹಾರಿಬಂದಿತು, ಸಭೆಯು ಮುರಿಯಿತು. 1916ರ ಲಖನೌ ಅಧಿವೇಶನದವರೆಗೆ ಒಡೆದ ಮನೆ ಒಂದಾಗಲಿಲ್ಲ.

ಇನ್ನು ನಮ್ಮ ಬೆಳಗಾವಿಯ ಮಾತು. 1924ರಲ್ಲಿಯೂ ಕಾಂಗ್ರೆಸ್ಸು ಶಾಸನಸಭಾ ಪ್ರವೇಶದ ವಾದದಿಂದ ಎರಡಾಗಿತ್ತು. ಆ ನವೆಂಬರಿನಲ್ಲಿ ಗಾಂಧೀಜಿ, ಚಿತ್ತರಂಜನ ದಾಸ್, ಮೋತೀಲಾಲ ನೆಹರೂ ಮೂವರೂ ಕಲಕತ್ತೆಯಲ್ಲಿ ಕೂಡಿ ಒಪ್ಪಂದವೊಂದನ್ನು ಮಾಡಿಕೊಂಡರು. ಅದೂ ಒಳಸಭೆಯೇ! ಆದರೆ ಒಪ್ಪಂದವು ಸಹಿಯೊಡನೆ ಪ್ರಕಟವಾಯಿತು. ಅದೇ ತಿಂಗಳು ಮುಂಬಯಿಯಲ್ಲಿ ಅಖಿಲ ಭಾರತ ಸಮಿತಿಯ ಮುಂದೆ ಬಂದಿತು. ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಮಹಾಸಭೆಯು ಅದಕ್ಕೆ ಮುದ್ರೆಯೊತ್ತಿತು. ಒಪ್ಪದವರಿಗೆ ಓದಲು, ವಿಚಾರಿಸಲು, ವಿರೋಧಿಸಲು ಕಾಲಾವಕಾಶವಿತ್ತು. ಅಸಮಾಧಾನವು ಉಳಿಯಿತಾದರೂ ಮನೆಯು ಒಡೆಯಲಿಲ್ಲ.

ಈ ಲೇಖಕನೂ ಪಡಸಾಲೆಯ ಸಭೆಗಳಲ್ಲಿ ಕುಳಿತವನೇ. ಒಮ್ಮೆ ತರುಣ ಉಪಾಧ್ಯಾಯರೊಬ್ಬರು ಲೆಕ್ಕಪತ್ರದ ಬಗ್ಗೆ ನ್ಯಾಯವಾದ ಪ್ರಶ್ನೆಯೊಂದನ್ನೆತ್ತಿದರು. ನಾವು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಂಡಿದ್ದಂತೆ ಕೈಯೆತ್ತಿ ಅವರನ್ನು ಕೂರಿಸಿದೆವು. ಗೆದ್ದೆವೆಂದು ಹಿಗ್ಗಿದೆವು. ಆ ಉಪಾಧ್ಯಾಯರು ಮತ್ತೆ ನಮ್ಮ ಸಂಘದ ಮೆಟ್ಟಿಲನ್ನು ಹತ್ತಲಿಲ್ಲ. ಅಂಥವರನ್ನು ಕಳೆದುಕೊಂಡ ಸಂಘಕ್ಕೆ ಬಹುಮತವಿದ್ದು ಫಲವೇನು?

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಸಭೆಗೆ ಮುಂಚೆ ಅವಶ್ಯವಾಗಿ ಕೂಡಿರಿ, ಆಲೋಚಿಸಿರಿ. ಆದರೆ ಠರಾವಿನ ಕರಡು ಎಂಟು ದಿನ ಮೊದಲೇ ಪ್ರತಿಯೊಬ್ಬ ಸಭಾಸದನ ಕೈಸೇರಲಿ. ಪಡಸಾಲೆಯಲ್ಲಿ ಆಡಿದ ಕಾರಣಗಳನ್ನೇ ಸಭೆಯಲ್ಲಿಯೂ ಆಡಿರಿ. ಅಲ್ಲಿ ಆಡಲು ನಾಚಿಕೆಯಾಗುವ ಕಾರಣವನ್ನು ಪಡಸಾಲೆಯಲ್ಲಿಯೂ ಬಿಡಿರಿ. ಎದುರಾಳಿಯ ಮಾತು ಯುಕ್ತವಾಗಿದ್ದರೆ ನಿಮ್ಮ ಠರಾವನ್ನು ತಿದ್ದಿಕೊಳ್ಳಿರಿ. ಹೀಗೆ ತಿದ್ದಿಕೊಳ್ಳಲು ಮನಸ್ಸಿಲ್ಲದವರು ಜನರನ್ನು ಸಭೆಗೆ ಕರೆಯುವ ಶ್ರಮವನ್ನಾದರೂ ಏಕೆ ವಹಿಸಬೇಕು?