ರಾಣಿಯ ಪಾದ, ಕೈದಿಯ ರತ್ನಗಂಬಳಿ

ಆಗ್ರಾದಿಂದ ಹೋದ ಆಳೊಬ್ಬ ವಿಕ್ಟೋರಿಯಾ ರಾಣಿಯ ಮುಂದೆ ತಟ್ಟನೆ ಬಾಗಿ ಅವಳ ಪಾದಕ್ಕೆ ಮುತ್ತಿಡುತ್ತಾನೆ. ಸುತ್ತ ನಿಂತ ದೊಡ್ಡಮನುಷ್ಯರು ಹೌಹಾರುತ್ತಾರೆ. ರಾಣಿಯ ಮುಖ ಅರಳುತ್ತದೆ. ಇಲ್ಲಿ ನಾವು ನಗಬೇಕು, ಇದು ತಮಾಷೆ.

ನಮಗೆ ನಗು ಬರಲಿಲ್ಲ.

ಪಾದದ ವಿಚಾರ ನಮ್ಮ ಹತ್ತಿರ ಹುಡುಗಾಟ ಆಡಬೇಡಿ ಸ್ವಾಮಿ. ನೀನು ಹುಟ್ಟಿದ್ದೇ ಪಾದದಿಂದ ಅಂತ ಶೂದ್ರನಿಗೆ ಹೇಳಿ, ನೀನು ಅಲ್ಲಿಂದಲೂ ಹುಟ್ಟಲಿಲ್ಲ ಅಂತ ನಮ್ಮನ್ನು ಊರಾಚೆ ಇಟ್ಟ ದೇಶ ಇದು. ಗೌಡನ ಮನೆ ಮುಂದೆ ಮೆಟ್ಟು ಕೈಯಲ್ಲಿ ಹಿಡಿದು ನಡೆದವರ ಮಕ್ಕಳು ನಾವು. ಬಗ್ಗಿದ ಬೆನ್ನಿನಲ್ಲಿ ಎಷ್ಟು ಪ್ರೀತಿ ಇರುತ್ತದೆ, ಎಷ್ಟು ಹೆದರಿಕೆ ಇರುತ್ತದೆ ಅನ್ನೋದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಸಿನಿಮಾದ ಹೆಸರು ‘ವಿಕ್ಟೋರಿಯಾ ಅಂಡ್ ಅಬ್ದುಲ್’. 2017ರದ್ದು. ಸ್ಟೀಫನ್ ಫ್ರಿಯರ್ಸ್ ನಿರ್ದೇಶನ, ಜೂಡಿ ಡೆಂಚ್ ರಾಣಿ, ನಮ್ಮ ಕಡೆಯ ಅಲಿ ಫಜಲ್ ಅಬ್ದುಲ್. ಏಳೆಂಟು ಜನ ಗೆಳೆಯರು ಒಂದು ಕಂಪ್ಯೂಟರಿನ ಮುಂದೆ ಕೂತು ನೋಡಿದೆವು. ಡೆಂಚ್ ಎಂಥ ನಟಿ ಅನ್ನೋದರಲ್ಲಿ ನಮ್ಮಲ್ಲಿ ಜಗಳವಿಲ್ಲ. ತಿನ್ನುತ್ತಾ ತಿನ್ನುತ್ತಾ ತೂಕಡಿಸುವ ಆ ಮುದುಕಿಯನ್ನು ನೋಡಿ ನಮ್ಮ ಕೇರಿಯ ಅಜ್ಜಿಯರೇ ನೆನಪಾದರು. ಮೋಸ ಇರುವುದೂ ಅಲ್ಲೇ. ಅಜ್ಜಿ ಅಂದುಕೊಂಡ ಕೂಡಲೇ ಅವಳ ತಲೆಯ ಮೇಲಿನ ಕಿರೀಟ ಮರೆತುಹೋಗುತ್ತದೆ.

ಈ ಸಿನಿಮಾ ವರ್ಣಭೇದದ ವಿರುದ್ಧ ಇದೆ ಅಂತ ಕೆಲವರು ಮೆಚ್ಚುತ್ತಾರೆ. ಹೌದು, ಇದೆ. ಅರಮನೆಯವರು ಅಬ್ದುಲ್ ಕರೀಮನನ್ನು ಹಗೆ ಮಾಡಿದ್ದು ಸುಳ್ಳಲ್ಲ. ಅವನು ಜೊತೆಗೆ ಬಂದರೆ ನಾವು ಬರೋದಿಲ್ಲ ಅಂತ 1897ರಲ್ಲಿ ರಾಜೀನಾಮೆಯ ಬೆದರಿಕೆ ಹಾಕಿದರು. 1901ರ ಜನವರಿಯಲ್ಲಿ ರಾಣಿ ಸತ್ತದ್ದೇ ತಡ, ಮಗ ಏಳನೇ ಎಡ್ವರ್ಡ್ ಅವಳು ಬರೆದ ಕಾಗದಗಳನ್ನು ಸುಡಿಸಿ, ಅವನನ್ನು ಆಗ್ರಾಕ್ಕೆ ಅಟ್ಟಿದ. ಇವತ್ತು ನಮ್ಮಲ್ಲೂ ಸಾಬರ ಹೆಸರು ಕೇಳಿದರೆ ಮುಖ ಸಿಂಡರಿಸುವವರು ಆ ಆಸ್ಥಾನದ ಮಂದಿಯ ಸೋದರರೇ. ಅವರ ಪರ ನಾವು ವಕಾಲತ್ತು ಹಾಕುವುದಿಲ್ಲ.

ಆದರೆ ಸಿಂಹಾಸನದ ಪಕ್ಕ ಯಾರು ನಿಲ್ಲಬೇಕು ಅನ್ನುವ ಜಗಳ ಒಂದು, ಸಿಂಹಾಸನವನ್ನು ಹೊತ್ತವರು ಯಾರು ಅನ್ನುವ ಪ್ರಶ್ನೆ ಇನ್ನೊಂದು. ಇಡೀ ಸಿನಿಮಾ ಮೊದಲನೆಯದರಲ್ಲೇ ಹೊರಳಾಡುತ್ತದೆ. ಅಬ್ದುಲ್ ಆಗ್ರಾ ಜೈಲಿನ ಗುಮಾಸ್ತ. ರಾಣಿ ಪಟ್ಟಕ್ಕೇರಿ 50 ವರ್ಷ ತುಂಬಿದ ಹಬ್ಬಕ್ಕೆ 1887ರಲ್ಲಿ ಹೋದವನು. ನಾನು ಗುಮಾಸ್ತ, ಊಟ ಬಡಿಸುವ ಕೆಲಸ ನನ್ನದಲ್ಲ ಅಂದ. ರಾಣಿ ಒಪ್ಪಿ 1888ರಲ್ಲಿ ಮುನ್ಷಿ ಮಾಡಿದಳು. 1890ರಲ್ಲಿ ವೈಸರಾಯ್ ಲ್ಯಾನ್ಸ್‌ಡೌನನ ಬೆನ್ನುಬಿದ್ದು ಆಗ್ರಾದಲ್ಲಿ ಜಮೀನು ಕೊಡಿಸಿದಳು. ಸರಿ, ಮೇಲೆ ಹತ್ತಿದ. ಬಡಿಸುವ ಕೆಲಸ ಅವನು ಬಿಟ್ಟ ಮೇಲೆ ತಟ್ಟೆ ಹಿಡಿದವರು ಯಾರು? ಆ ಜಮೀನನ್ನು ಉತ್ತವರು ಯಾರು? ಈ ಪ್ರಶ್ನೆ ಆ ಕ್ಯಾಮೆರಾಕ್ಕೆ ಹೊಳೆಯುವುದೇ ಇಲ್ಲ. ನಮಗೆ ಮೊದಲು ಹೊಳೆದದ್ದೇ ಅದು.

ಇನ್ನು ಅಕ್ಷರದ ಮಾತು. ಮುನ್ಷಿ ರಾಣಿಗೆ ಹಿಂದೂಸ್ತಾನಿ ಕಲಿಸುವ ದೃಶ್ಯಗಳು ಚೆನ್ನಾಗಿವೆ. ಮುದುಕಿ ಎಳೆ ಮಗುವಿನ ಹಾಗೆ ಉರ್ದು ಅಕ್ಷರ ತಿದ್ದುತ್ತಾಳೆ. ನಿಜದಲ್ಲೂ ಅವಳು ಹೀಗೆ ಬರೆದು ತುಂಬಿಸಿದ ಪುಸ್ತಕಗಳು 13. ನೋಡುತ್ತಾ ನಮ್ಮ ತಲೆ ಧಾರವಾಡಕ್ಕೆ ಹೋಯಿತು. 1856ರ ಜೂನ್, ಕಂಪನಿ ಸರ್ಕಾರದ ಕಾಲ. ಮಹಾರರ ಹುಡುಗನೊಬ್ಬ ಧಾರವಾಡದ ಸರ್ಕಾರಿ ಶಾಲೆಗೆ ನನ್ನನ್ನೂ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಮುಂಬಯಿ ಸರ್ಕಾರ ಏನು ಹೇಳಿತು? ನೀನು ಕೇಳೋದು ನ್ಯಾಯವೇ, ಆದರೆ ನಿನ್ನೊಬ್ಬನಿಗಾಗಿ ತಲೆತಲಾಂತರದ ಕಟ್ಟುಪಾಡು ಮುರಿಯೋದಕ್ಕಾಗುವುದಿಲ್ಲ ಅಂತ. ನ್ಯಾಯವಂತೆ, ಆದರೆ ಆಗುವುದಿಲ್ಲವಂತೆ! ಲಂಡನ್ನಿನ ಯಜಮಾನರು 1858ರಲ್ಲಿ ಶಾಲೆ ಎಲ್ಲರಿಗೂ ತೆರೆದಿರಬೇಕು ಅಂತ ಬರೆದರು, ಬರೆದದ್ದು ಕಾಗದದಲ್ಲಿ ಉಳಿಯಿತು. ಅದೇ ವರ್ಷ ಬಂದ ರಾಣಿಯ ಘೋಷಣೆ ಜನಾಂಗ, ಧರ್ಮ ನೋಡದೆ ಎಲ್ಲ ಪ್ರಜೆಗಳಿಗೂ ಸರ್ಕಾರದ ಕೆಲಸ ಅಂದಿತು, ಮತ್ತು ಈ ದೇಶದ ಹಳೆಯ ಹಕ್ಕು, ರೂಢಿ, ಸಂಪ್ರದಾಯಗಳಿಗೆ ಮರ್ಯಾದೆ ಕೊಡುತ್ತೇವೆ ಅಂತಲೂ ಅಂದಿತು. ಹಳೆಯ ರೂಢಿ ಅಂದರೆ ಯಾರಿಗೆ ಏನು ಅಂತ ಅಗ್ರಹಾರದವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ರಾಣಿಗೆ ಅಕ್ಷರ ಕಲಿಸುವುದಕ್ಕೆ ಏಳು ಸಮುದ್ರ ದಾಟಿಸಿ ಆಳನ್ನು ಕರೆಸಿಕೊಂಡರು. ಧಾರವಾಡದ ಆ ಹುಡುಗ ದಾಟಬೇಕಾಗಿದ್ದದ್ದು ಒಂದು ಹೊಸ್ತಿಲು.

ಅವಳು ಹಿಂದೂಸ್ಥಾನದ ಚಕ್ರವರ್ತಿನಿ ಅಂತ ದೆಹಲಿ ದರ್ಬಾರಿನಲ್ಲಿ ಸಾರಿದ್ದು 1877ರ ಜನವರಿ 1ರಂದು. ವೈಸರಾಯ್ ಲಿಟ್ಟನ್ ಆನೆ ಅಂಬಾರಿ ಮೆರೆಸುತ್ತಿದ್ದ ಆ ಹೊತ್ತಿನಲ್ಲಿ ನಮ್ಮ ಕಡೆ ಏನಾಗುತ್ತಿತ್ತು? ಧಾತು ಈಶ್ವರ ಸಂವತ್ಸರದ ಬರ. ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ, ಎಲ್ಲೆಲ್ಲೂ ಹೆಣ. ಮೈಸೂರಿನಲ್ಲಿ ಆಗ ರಾಜನ ಆಳ್ವಿಕೆಯೂ ಇರಲಿಲ್ಲ, 1831ರಿಂದ 1881ರವರೆಗೆ ಬಿಳಿಯರದೇ ನೇರ ದರ್ಬಾರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ ಸುಮಾರು 50 ಲಕ್ಷ, 1881ರಲ್ಲಿ ಸುಮಾರು 42 ಲಕ್ಷ. ಉಳಿದ ಲೆಕ್ಕ ನೀವೇ ಹಾಕಿ. ಕಣಜ ಇದ್ದವರು ಬದುಕಿದರು. ಕೂಲಿ ಸಿಕ್ಕ ದಿನ ಮುದ್ದೆ, ಸಿಗದ ದಿನ ನೀರು ಅನ್ನುವ ಹೊಲಗೇರಿ, ಮಾದಿಗರ ಕೇರಿ, ನೇಕಾರರ ಕೇರಿಗಳು ಬರಿದಾದವು. ಆ ವರ್ಷಗಳಲ್ಲೂ ಈ ದೇಶದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಸಿನಿಮಾದಲ್ಲಿ ರಾಣಿಗೆ ಮಾವಿನ ಹಣ್ಣು ತಿನ್ನುವ ಆಸೆಯಾಗುತ್ತದೆ. ತರಿಸುತ್ತಾರೆ, ಬರುವಷ್ಟರಲ್ಲಿ ಕೊಳೆತಿರುತ್ತದೆ. ಅಯ್ಯೋ ಪಾಪ ಅನ್ನಿಸುವ ಹಾಗೆ ತೆಗೆದಿದ್ದಾರೆ. ಗೋಧಿ ಕೆಡದೆ ಹೋಗಿ ಮುಟ್ಟಿತ್ತಲ್ಲ, ಅದು ಸಾಲದೇ?

ಸಿನಿಮಾದಲ್ಲಿ ಸತ್ಯ ನುಡಿಯುವವನು ಒಬ್ಬನಿದ್ದಾನೆ, ಅಬ್ದುಲ್ ಜೊತೆ ಹೋದ ಮಹಮ್ಮದ್. ಚಳಿಗೆ ನಡುಗುತ್ತಾ, ಕೆಮ್ಮುತ್ತಾ, ಈ ಸಾಮ್ರಾಜ್ಯದ ಬಣ್ಣವನ್ನು ಮುಚ್ಚುಮರೆಯಿಲ್ಲದೆ ಬಯ್ಯುತ್ತಾನೆ. ಗೆಳೆಯನ ಮೇಲೆ ಚಾಡಿ ಹೇಳು ಅಂದರೆ ದೊರೆಗಳ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುತ್ತಾನೆ. ನಮ್ಮಲ್ಲಿ ಎಲ್ಲರೂ ಮೆಚ್ಚಿದ್ದು ಇವನನ್ನೇ. ನೆಟ್ಟಗೆ ಮಾತಾಡಿದ ಈ ಒಬ್ಬನನ್ನು ಸಿನಿಮಾದವರು ಆ ಚಳಿಯಲ್ಲೇ ಸಾಯಿಸುತ್ತಾರೆ. ಪಾದಕ್ಕೆ ಬಾಗಿದವನು ಮಾತ್ರ ಕೊನೆಯವರೆಗೂ ಬದುಕಿ, ತಾಜ್‌ಮಹಲಿನ ಹತ್ತಿರ ರಾಣಿಯ ಪ್ರತಿಮೆಯ ಪಾದಕ್ಕೆ ಮತ್ತೆ ಮುತ್ತಿಡುತ್ತಾನೆ!

ಈ ಮಾತು ಕೇಳಿ ನಮ್ಮ ದೇಶಭಕ್ತರು ಹೆಗಲ ಮೇಲೆ ಕೈ ಹಾಕಲು ಬರಬೇಡಿ. ಬಿಳಿಯರ ಸಿನಿಮಾ ಬಂದಾಗಲೆಲ್ಲ ನಿಮಗೆ ನೆನಪಾಗುವುದು ಕೊಹಿನೂರು. ಅದು ವಾಪಸು ಬಂದರೆ ಯಾವ ಮಹಾರಾಜನ ಪೇಟಕ್ಕೆ ಸಿಕ್ಕಿಸುತ್ತೀರಿ? ನಮ್ಮವರು ಕೆಲವರಿಗೆ ಮೊದಲು ಸ್ಲೇಟು ಕೊಟ್ಟದ್ದು ಪಾದ್ರಿಯ ಶಾಲೆ, ಮೊದಲು ಸಮವಸ್ತ್ರ ಕೊಟ್ಟದ್ದು ಬಿಳಿಯರ ಪಲ್ಟನ್ನು. ಬಾಬಾಸಾಹೇಬರ ತಂದೆ ಸುಬೇದಾರರು. ಅದನ್ನು ನಾವು ಅಳಿಸಿ ಹಾಕುವುದಿಲ್ಲ. ಹಾಗಂತ ಋಣದ ಪಟ್ಟಿ ಹಿಡಿದು ಅರಮನೆಗೂ ಹೋಗುವುದಿಲ್ಲ. ಯಾಕೆಂದರೆ ಮುನ್ಷಿ ಅರಮನೆಯಲ್ಲಿ ಮೆರೆಯುತ್ತಿದ್ದ ದಿನಗಳಲ್ಲೇ, 1892ರ ಹೊತ್ತಿಗೆ, ನೀವು ಯುದ್ಧದ ಜಾತಿಯಲ್ಲ ಅಂತ ಮಹಾರರಿಗೆ ಸೈನ್ಯದ ಬಾಗಿಲು ಹಾಕಿದವರೂ ಇವರೇ. ಇಲ್ಲಿಯ ಜಾತಿ ಲೆಕ್ಕವನ್ನು ಬಿಳಿಯ ದೊರೆ ಬಹಳ ಬೇಗ ಕಲಿತ. ಅದಕ್ಕೆ ಅವನಿಗೆ ಮುನ್ಷಿ ಬೇಕಾಗಲಿಲ್ಲ.

ನಮಗೆ ಬೇಕಾದ ಸಿನಿಮಾ ಈ ಸಿನಿಮಾದ ಒಳಗೇ ಬಿದ್ದಿದೆ. ಅಬ್ದುಲ್ ಹೋಗುವುದಕ್ಕೆ ಒಂದು ವರ್ಷ ಮೊದಲು, 1886ರಲ್ಲಿ, ಲಂಡನ್ನಿನಲ್ಲಿ ವಸಾಹತುಗಳ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಆಗ್ರಾ ಜೈಲಿನ ಕೈದಿಗಳನ್ನು ಅಲ್ಲಿಗೆ ಒಯ್ದು, ಮಗ್ಗದ ಮುಂದೆ ಕೂರಿಸಿ, ರತ್ನಗಂಬಳಿ ನೇಯಿಸಿ ತೋರಿಸಿದರು. ದುಡಿಮೆಯನ್ನಲ್ಲ, ದುಡಿಯುವ ಮನುಷ್ಯನನ್ನೇ ಪ್ರದರ್ಶನಕ್ಕಿಟ್ಟರು. ಅಲ್ಲಿಗೆ ಬಂದಿದ್ದ ಕುಶಲಕರ್ಮಿಗಳಲ್ಲಿ ಕೆಲವರ ಚಿತ್ರ ಬರೆಯಲು ರಾಣಿ ರುಡಾಲ್ಫ್ ಸ್ವೊಬೊಡಾ ಎಂಬ ಚಿತ್ರಕಾರನಿಗೆ ಹೇಳಿದಳು. ಅವರಲ್ಲಿ ಒಬ್ಬಾತ ಬಕ್ಷಿರಾಮ್, ಆಗ್ರಾದ ಕುಂಬಾರ, ವಯಸ್ಸು 102 ಅಂತ ದಾಖಲೆ. ಬಿಳಿ ಗಡ್ಡ, ಸುಕ್ಕುಗಟ್ಟಿದ ಮುಖ. ನೂರು ದಾಟಿದ ಕುಂಬಾರನನ್ನು ಹಡಗು ಹತ್ತಿಸಿ ಕರೆದೊಯ್ದವರು ಅವನನ್ನು ಏನು ಕೇಳಿದರು? ಅವನು ಏನು ಹೇಳಿದ? ಅವನು ಯಾರ ಪಾದಕ್ಕಾದರೂ ಬಾಗಿದನೋ ಇಲ್ಲವೋ?

ಸ್ವೊಬೊಡಾ ಬರೆದ ಚಿತ್ರಗಳನ್ನು ತೂಗುಹಾಕಿದ್ದು ವೈಟ್ ದ್ವೀಪದ ಆಸ್‌ಬೋರ್ನ್ ಹೌಸಿನಲ್ಲಿ, ದರ್ಬಾರ್ ಕೋಣೆಯ ಪಕ್ಕದ ಓಣಿಯಲ್ಲಿ. ‘ವಿಕ್ಟೋರಿಯಾ ಅಂಡ್ ಅಬ್ದುಲ್’ ತಂಡದವರು ಅದೇ ಮನೆಯೊಳಗೆ ದೀಪ ಹಚ್ಚಿ, ಕ್ಯಾಮೆರಾ ಇಟ್ಟು ಚಿತ್ರೀಕರಣ ಮಾಡಿದರು.